ಎರಡು ಆರ್‌.ಸಿ.ಗಳು

ಬಾಗಲಕೋಟೆಯವರಿಗೆ ‘ಆರ್‌.ಸಿ.’ ಎಂದರೆ ಗಾಡಿಯ ಕಾಗದಕ್ಕಿಂತ ಮೊದಲು ಒಂದು ಊರು ಕಣ್ಣಮುಂದೆ ಬರುತ್ತದೆ. ಆಲಮಟ್ಟಿಯ ಹಿನ್ನೀರಿನಲ್ಲಿ ಮುಳುಗಿದ ಹಳ್ಳಿಗಳ ಜನರಿಗಾಗಿ ಕಟ್ಟಿದ ಪುನರ್ವಸತಿ ಕೇಂದ್ರಗಳನ್ನು ನಾವು ಮೊದಲಿನಿಂದಲೂ ಆ ಎರಡು ಅಕ್ಷರಗಳಲ್ಲಿಯೇ ಕರೆಯುತ್ತ ಬಂದಿದ್ದೇವೆ. ‘ಅವರೀಗ ಆರ್‌.ಸಿ.ಯೊಳಗ ಇರತಾರ’, ‘ಹಳೇ ಊರಾಗಿನ ಹಣಮಪ್ಪನ ಗುಡಿ ಆರ್‌.ಸಿ.ಗೆ ಬಂತು’ ಎಂಬ ಮಾತುಗಳು ಇಲ್ಲಿ ದಿನನಿತ್ಯದವು. ಸೇವೆಯ ಬಹುಪಾಲನ್ನು ಪುನರ್ವಸತಿಯ ಕಡತಗಳ ನಡುವೆಯೇ ಗುಮಾಸ್ತನಾಗಿ ಕಳೆದು ನಿವೃತ್ತನಾದ ನನಗಂತೂ ಆ ಶಬ್ದಕ್ಕೆ ಬೇರೆ ಅರ್ಥವೇ ಇರಲಿಲ್ಲ. ಹೀಗಾಗಿ ಕಳೆದ ಚಳಿಗಾಲದಲ್ಲಿ ನವನಗರದ ರಸ್ತೆ ಬದಿಯ ಸ್ವೆಟರ್ ಅಂಗಡಿಯಲ್ಲಿ ಟಿಬೆಟಿನ ಹೆಣ್ಣುಮಗಳೊಬ್ಬರು, ‘ಆರ್‌.ಸಿ. ರಿನ್ಯೂ ಮಾಡಸೂದೈತ್ರಿ ಅಣ್ಣಾರ, ಅದಕ್ಕ ಈ ಸಲ ಲಗೂ ಊರಿಗೆ ಹೊಂಟೇವಿ’ ಎಂದಾಗ, ಊರಿಗೆ ನವೀಕರಣ ಎಲ್ಲಿಯದು ಎಂದು ನನಗೆ ತಿಳಿಯಲಿಲ್ಲ.

ಅವರು ಮುಂಡಗೋಡದ ಕ್ಯಾಂಪಿನವರು. ಲೂಧಿಯಾನಾದಿಂದ ಉದ್ರಿ ತಂದ ಸರಕನ್ನು ದೀಪಾವಳಿಯ ನಂತರ ಇಲ್ಲಿಗೆ ಹೊತ್ತು ತಂದು, ಸಂಕ್ರಾಂತಿ ಕಳೆಯುವ ಹೊತ್ತಿಗೆ ಮಾರಿ ಮುಗಿಸಿ, ಲೂಧಿಯಾನಾದ ಸಾಲ ತೀರಿಸಿ ಉಳಿದದ್ದರಲ್ಲಿ ವರ್ಷದ ಸಂಸಾರ ನಡೆಸುವವರು. ನನ್ನ ಗೊಂದಲವನ್ನು ಕಂಡು, ಸೊಂಟದ ಚೀಲದಲ್ಲಿ ದುಡ್ಡಿನ ಜೊತೆಗೆ ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿಟ್ಟಿದ್ದ ಒಂದು ಚಿಕ್ಕ ಪುಸ್ತಕವನ್ನು ತೆಗೆದು ನನ್ನ ಕೈಗೆ ಕೊಟ್ಟರು. ಅದು ವಿದೇಶೀಯರ ನೋಂದಣಿ ಪ್ರಮಾಣಪತ್ರ. ಅಂಚುಗಳು ಬೆವರಿಗೆ ಮೆತ್ತಗಾಗಿದ್ದವು. ಪುಟದಿಂದ ಪುಟಕ್ಕೆ ಅವಧಿ ವಿಸ್ತರಣೆಯ ಮೊಹರುಗಳು, ಒಂದರ ಮೇಲೊಂದು ಬಿದ್ದ ದಿನಾಂಕಗಳು, ನೀಲಿ ಶಾಯಿಯ ಸಹಿಗಳು. ಕಾಗದ ಓದುವುದೇ ಕಸುಬಾಗಿದ್ದವನ ಕಣ್ಣು ತಾನಾಗಿಯೇ ಮುಖ್ಯ ಕಲಮುಗಳಿಗೆ ಹೋಯಿತು. ಹುಟ್ಟಿದ ವರ್ಷ 1974, ಹುಟ್ಟಿದ ಊರು ಮುಂಡಗೋಡ, ರಾಷ್ಟ್ರೀಯತೆ ಟಿಬೆಟಿಯನ್. ನನಗಿಂತ ಚಿಕ್ಕವರು, ನನ್ನ ಹಾಗೆಯೇ ಕರ್ನಾಟಕದ ಮಣ್ಣಿನಲ್ಲಿ ಹುಟ್ಟಿದವರು, ನನ್ನಷ್ಟೇ ಸಲೀಸಾಗಿ ‘ಹೌದಲ್ರಿ’ ಎನ್ನುವವರು, ಐವತ್ತು ದಾಟಿದ ಮೇಲೂ ಈ ನಾಡಿನಲ್ಲಿ ಇರಲು ಅವಧಿ ಬೇಡುತ್ತಿದ್ದಾರೆ. ಆ ದಿನ ಮನೆಗೆ ಬಂದ ಮೇಲೂ ಆ ಮೂರು ಕಲಮುಗಳು ತಲೆಯಿಂದ ಹೋಗಲಿಲ್ಲ. ಈ ಬರಹ ಅಲ್ಲಿಂದ ಹುಟ್ಟಿದ್ದು.

ಮೊದಲು ಹೇಳಬೇಕಾದದ್ದು ಸರ್ಕಾರ ಮಾಡಿದ ಒಳ್ಳೆಯ ಕೆಲಸ. 1959ರ ಮಾರ್ಚ್ 10ರಂದು ಲ್ಹಾಸಾದಲ್ಲಿ ಜನ ಚೀನಾದ ಆಳ್ವಿಕೆಯ ವಿರುದ್ಧ ಎದ್ದರು. ಅದೇ ತಿಂಗಳ ಕೊನೆಯ ದಿನ ದಲೈ ಲಾಮಾ ಗಡಿ ದಾಟಿ ಭಾರತದೊಳಗೆ ಕಾಲಿಟ್ಟರು. ಅವರ ಹಿಂದೆ ಬಂದವರು ಸುಮಾರು 80 ಸಾವಿರ ಜನ. ಅಸ್ಸಾಮಿನ ಮಿಸಾಮಾರಿಯಲ್ಲಿ ಮತ್ತು ಬಂಗಾಳದ ಬಕ್ಸಾದಲ್ಲಿ ಅವರಿಗಾಗಿ ಶಿಬಿರಗಳು ಎದ್ದವು. ಎತ್ತರದ ತಂಪು ನೆಲದಿಂದ ಇಳಿದು ಬಂದವರಿಗೆ ಅಲ್ಲಿಯ ಸೆಕೆ, ಮಳೆ, ರೋಗಗಳು ತಡೆಯಲಾಗಲಿಲ್ಲ. ಸಾವಿರಾರು ಜನರನ್ನು ಹಿಮಾಲಯದ ರಸ್ತೆ ಕೆಲಸಕ್ಕೆ ಕಳಿಸಲಾಯಿತು. ಗಂಡ ಹೆಂಡತಿ ಇಬ್ಬರೂ ಕಲ್ಲು ಒಡೆಯುತ್ತ, ಕೂಸುಗಳನ್ನು ರಸ್ತೆಯಂಚಿನ ಗುಡಾರದಲ್ಲಿ ಮಲಗಿಸಿ ದಿನ ನೂಕಿದರು. ಇವರು ಬೇಗ ಹಿಂದಿರುಗುವವರಲ್ಲ ಎಂಬುದು ಸ್ಪಷ್ಟವಾಗುತ್ತಿದ್ದಂತೆ ಪ್ರಧಾನಿ ಜವಾಹರಲಾಲ್ ನೆಹರೂ ಅವರು ಭೂಮಿ ಕೊಡುವಂತೆ ರಾಜ್ಯಗಳನ್ನು ಕೇಳಿಕೊಂಡರು. ದೊಡ್ಡ ಮನಸ್ಸು ಮಾಡಿದ್ದು ಅಂದಿನ ಮೈಸೂರು ರಾಜ್ಯ. ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಸುಮಾರು 3 ಸಾವಿರ ಎಕರೆ ಕೊಟ್ಟಿತು.

ಈ ಉಪಕಾರಕ್ಕಾಗಿ ಟಿಬೆಟಿಯನ್ನರು ಎಸ್‌. ನಿಜಲಿಂಗಪ್ಪನವರನ್ನು ಇಂದಿಗೂ ಮನಸಾರೆ ನೆನೆಯುತ್ತಾರೆ, ಅದು ಸಲ್ಲಬೇಕಾದ ಗೌರವವೇ. ಮುಂಡಗೋಡದ ಸುಮಾರು 4 ಸಾವಿರ ಎಕರೆಯ ವಸತಿ 1966ರಲ್ಲಿ ಆರಂಭವಾದದ್ದು ಅವರ ಆಡಳಿತದಲ್ಲಿಯೇ. ಆದರೆ ಈ ಜಿಲ್ಲೆಯವನಾಗಿ ಒಂದು ಮಾತು ಸೇರಿಸದೆ ಮುಂದೆ ಹೋಗಲಾರೆ. ಬೈಲಕುಪ್ಪೆಯ ಕಾಡಿನಲ್ಲಿ ಮೊದಲ ಗುಡಾರಗಳು ಎದ್ದ 1960–61ರ ಹೊತ್ತಿಗೆ ಮುಖ್ಯಮಂತ್ರಿಯ ಕುರ್ಚಿಯಲ್ಲಿದ್ದವರು ಜಮಖಂಡಿ ತಾಲ್ಲೂಕಿನ ಸಾವಳಗಿಯ ಬಿ.ಡಿ. ಜತ್ತಿಯವರು. 1958ರಿಂದ 1962ರವರೆಗೆ ರಾಜ್ಯವನ್ನು ನಡೆಸಿ, ಮುಂದೆ ಉಪರಾಷ್ಟ್ರಪತಿಯಾಗಿ, 1977ರಲ್ಲಿ ಹಂಗಾಮಿ ರಾಷ್ಟ್ರಪತಿಯೂ ಆದ ಅವರ ಹೆಸರನ್ನು ಈ ಸಂದರ್ಭದಲ್ಲಿ ನಮ್ಮ ಕಡೆಯ ಜನರೇ ನೆನೆಯುವುದಿಲ್ಲ. ನೆನೆಯಬೇಕು ಎಂದು ನನ್ನ ಅನಿಸಿಕೆ.

ಕಡತಗಳ ನಡುವೆ ಬದುಕಿದವನಿಗೆ ಆ ಕೆಲಸದ ವೇಗವೇ ಒಂದು ಸೋಜಿಗ. ನಿರಾಶ್ರಿತರು ಬಂದ ಎರಡು ವರ್ಷಗಳೊಳಗೆ ಜಾಗ ಗುರುತಿಸಿ, ಅರಣ್ಯ ಮತ್ತು ಕಂದಾಯ ಎರಡೂ ಇಲಾಖೆಗಳನ್ನು ಒಪ್ಪಿಸಿ, ಭಾಷೆ ತಿಳಿಯದ ಜನರನ್ನು ಸಾವಿರಾರು ಮೈಲಿ ದೂರದಿಂದ ಕರೆತಂದು ಇಳಿಸುವುದೆಂದರೆ ಸಾಮಾನ್ಯ ಮಾತಲ್ಲ. ಬಂದವರ ಪಾಡಂತೂ ಕಣ್ಣಿಗೆ ಕಟ್ಟುವಂಥದ್ದು: ಆನೆಗಳು ಓಡಾಡುವ ಕಾಡನ್ನು ಕಡಿದು ಹೊಲ ಮಾಡಿಕೊಳ್ಳಬೇಕು, ಚಮರೀಮೃಗ ಮೇಯಿಸಿಕೊಂಡಿದ್ದ ಕೈ ಗೋವಿನಜೋಳ ಬಿತ್ತುವುದನ್ನು ಕಲಿಯಬೇಕು. ಕೇಂದ್ರ ಸರ್ಕಾರ 1961ರಲ್ಲಿ ಟಿಬೆಟಿಯನ್ ಮಕ್ಕಳಿಗಾಗಿಯೇ ಪ್ರತ್ಯೇಕ ಶಾಲಾ ಆಡಳಿತವನ್ನು ರಚಿಸಿತು; ತಮ್ಮ ಭಾಷೆ, ತಮ್ಮ ಧರ್ಮ ಮಕ್ಕಳ ನಾಲಿಗೆಯಲ್ಲಿ ಉಳಿಯಲಿ ಎಂಬ ಕಾಳಜಿ ಅದರ ಹಿಂದಿತ್ತು. ಎಪ್ಪತ್ತರ ದಶಕದಲ್ಲಿ ಹುಣಸೂರು ಮತ್ತು ಕೊಳ್ಳೇಗಾಲದ ಕಡೆಗಳಲ್ಲಿಯೂ ವಸತಿಗಳಾದವು. ಲ್ಹಾಸಾದ ಸುತ್ತ ನೂರಾರು ವರ್ಷ ಬೆಳಗಿದ್ದ ಸೆರಾ ಮಠ ಬೈಲಕುಪ್ಪೆಯಲ್ಲಿಯೂ, ಡ್ರೆಪುಂಗ್ ಮತ್ತು ಗಾಂದೆನ್ ಮಠಗಳು ಮುಂಡಗೋಡದಲ್ಲಿಯೂ ಮತ್ತೆ ತಲೆಯೆತ್ತಿದವು. ಇಷ್ಟೆಲ್ಲವನ್ನೂ ಮಾಡಿದ ಸರ್ಕಾರದ ಬಗ್ಗೆ ಅಭಿಮಾನ ಪಡಲು ನನಗೆ ಸಂಕೋಚವಿಲ್ಲ.

ಹಾಗಾದರೆ ಕೊರತೆ ಎಲ್ಲಿ? ಭೂಮಿ ಕೊಟ್ಟವರು ಆ ಭೂಮಿಯ ಮೇಲೆ ನಿಂತವರು ಯಾರು ಎಂಬುದನ್ನು ಮಾತ್ರ ತೀರ್ಮಾನಿಸಲಿಲ್ಲ. ನಿರಾಶ್ರಿತರಿಗೆ ಸಂಬಂಧಿಸಿದ 1951ರ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ ಸಹಿ ಹಾಕಿಲ್ಲ, 1967ರ ಅದರ ಮುಂದುವರಿಕೆಗೂ ಹಾಕಿಲ್ಲ. ನಮ್ಮದೇ ಆದ ನಿರಾಶ್ರಿತರ ಕಾನೂನೂ ಇಲ್ಲ. ಹೀಗಾಗಿ ಅವರು ದಶಕಗಳ ಕಾಲ 1939ರ ವಿದೇಶೀಯರ ನೋಂದಣಿ ಕಾಯ್ದೆ ಮತ್ತು 1946ರ ವಿದೇಶೀಯರ ಕಾಯ್ದೆಯ ಅಡಿಯಲ್ಲಿಯೇ ಬದುಕಿದರು. ಎರಡೂ ಬ್ರಿಟಿಷರ ಕಾಲದವು. ಒಂದು ಎರಡನೆಯ ಮಹಾಯುದ್ಧ ಶುರುವಾದ ವರ್ಷದ್ದು. 2025ರ ಸೆಪ್ಟೆಂಬರ್ 1ರಿಂದ ಅವುಗಳ ಜಾಗಕ್ಕೆ ವಲಸೆ ಮತ್ತು ವಿದೇಶೀಯರ ಹೊಸ ಕಾಯ್ದೆ ಬಂದಿದೆ. ಆಶ್ರಯ ಬೇಡಿ ಬಂದವನಿಗೆ ಇಂಥಿಂಥ ಹಕ್ಕುಗಳಿವೆ ಎಂದು ಹೇಳುವ ಕಾಯ್ದೆ ಅದೂ ಅಲ್ಲ. ಸಂವಿಧಾನದ 14 ಮತ್ತು 21ನೆಯ ವಿಧಿಗಳು ನಾಗರಿಕನಲ್ಲದವನಿಗೂ ಸಮಾನತೆ ಮತ್ತು ಜೀವದ ರಕ್ಷಣೆ ಕೊಡುತ್ತವೆ ನಿಜ. ಅರುಣಾಚಲ ಪ್ರದೇಶದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1996ರಲ್ಲಿ ಇದನ್ನೇ ಎತ್ತಿಹಿಡಿಯಿತು. ಆದರೆ ದೇಶದ ತುಂಬ ಓಡಾಡುವ, ಎಲ್ಲಿಯಾದರೂ ನೆಲೆಸುವ, ಸಂಘ ಕಟ್ಟುವ 19ನೆಯ ವಿಧಿಯ ಸ್ವಾತಂತ್ರ್ಯಗಳು ನಾಗರಿಕರಿಗೆ ಮಾತ್ರ. ಮುಂಡಗೋಡದಲ್ಲಿ ಹುಟ್ಟಿದ ಆ ಹೆಣ್ಣುಮಗಳಿಗೆ ಇವು ಆ ಚಿಕ್ಕ ಪುಸ್ತಕದ ಮೊಹರು ಎಷ್ಟು ಬಿಟ್ಟುಕೊಡುತ್ತದೆಯೋ ಅಷ್ಟೇ. ಮೊದಲು ವರ್ಷಕ್ಕೊಮ್ಮೆ ಮಾಡಿಸಬೇಕಿದ್ದ ನವೀಕರಣ ಈಗ ಬಹಳ ಮಂದಿಗೆ ಐದು ವರ್ಷಕ್ಕೊಮ್ಮೆ ಬರುತ್ತದೆ ಎಂಬುದೇ ಅವರಿಗೆ ದೊಡ್ಡ ಸಮಾಧಾನ.

ಅವರ ಮಗಳ ವಿಷಯ ಕೇಳಿದಾಗ ಇದು ಇನ್ನಷ್ಟು ಹತ್ತಿರದಿಂದ ಕಂಡಿತು. ಹುಡುಗಿ ನರ್ಸಿಂಗ್ ಓದಿ ಬೆಂಗಳೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಕೆಲಸಕ್ಕಿದ್ದಾಳೆ. ಜೊತೆಗೆ ಓದಿದ ಗೆಳತಿಯರು ಸರ್ಕಾರಿ ನೌಕರಿಯ ಪರೀಕ್ಷೆಗೆ ಅರ್ಜಿ ಹಾಕಿದಾಗ ಇವಳೂ ಅರ್ಜಿ ತೆರೆದು ಕುಳಿತಿದ್ದಳಂತೆ; ಪೌರತ್ವದ ಕಲಮಿಗೆ ಬಂದು ಕೈ ನಿಂತಿತು. ಹೊರದೇಶಕ್ಕೆ ಹೋಗುವುದೆಂದರೆ ಪಾಸ್‌ಪೋರ್ಟ್ ಇಲ್ಲ, ಅದರ ಬದಲು ಹಳದಿ ಬಣ್ಣದ ಗುರುತಿನ ಪ್ರಮಾಣಪತ್ರ. ಹೊರಡಲು ನಿರ್ಗಮನದ ಅನುಮತಿ ಬೇಕು, ಹೋದವಳು ಹಿಂದಿರುಗಿ ಬರಲು ನಮ್ಮ ಅಡ್ಡಿಯಿಲ್ಲ ಎಂಬ ಇನ್ನೊಂದು ಮೊಹರು ಬೇಕು. ಹುಟ್ಟಿದ ಮನೆಗೆ ಮರಳಿ ಬರಲು ಮುಂಗಡವಾಗಿ ಒಪ್ಪಿಗೆ ಪಡೆಯಬೇಕಾದ ಮಕ್ಕಳನ್ನು ನಾನು ನನ್ನ ಇಡೀ ಸೇವೆಯಲ್ಲಿ ನೋಡಿರಲಿಲ್ಲ.

ಇದರಲ್ಲಿ ಮನಸ್ಸಿಗೆ ಹೆಚ್ಚು ನೋವು ಕೊಟ್ಟ ಸಂಗತಿ ಬೇರೆಯೇ. ಕಾನೂನು ಓದಿದರೆ ತಾಯಿ ವಿದೇಶೀಯಳೇ ಅಲ್ಲ. ನಮ್ಮ ಪೌರತ್ವ ಕಾಯ್ದೆಯ ಪ್ರಕಾರ 1950ರ ಜನವರಿ 26ರ ನಂತರ, 1987ರ ಜುಲೈ 1ಕ್ಕಿಂತ ಮೊದಲು ಭಾರತದಲ್ಲಿ ಹುಟ್ಟಿದವರು, ತಂದೆತಾಯಿ ಯಾವ ದೇಶದವರೇ ಆಗಿರಲಿ, ಹುಟ್ಟಿನಿಂದಲೇ ಭಾರತೀಯರು. 2010ರ ಡಿಸೆಂಬರಿನಲ್ಲಿ ದೆಹಲಿ ಹೈಕೋರ್ಟ್ ಟಿಬೆಟಿಯನ್ ಯುವತಿಯೊಬ್ಬರ ಪ್ರಕರಣದಲ್ಲಿ ಇದನ್ನು ಬಿಡಿಸಿ ಹೇಳಿತು. 2013ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಅದೇ ದಾರಿ ಹಿಡಿಯಿತು. 2014ರಲ್ಲಿ ಚುನಾವಣಾ ಆಯೋಗ ಇಂಥವರ ಹೆಸರನ್ನು ಮತದಾರರ ಪಟ್ಟಿಗೆ ಸೇರಿಸಿಕೊಳ್ಳುವಂತೆ ರಾಜ್ಯಗಳಿಗೆ ತಿಳಿಸಿತು. ನ್ಯಾಯಾಲಯಗಳು ಇಷ್ಟು ಹೇಳಿದ ಮೇಲೆ 2017ರಲ್ಲಿ ಕೇಂದ್ರ ಸರ್ಕಾರ ಪಾಸ್‌ಪೋರ್ಟ್ ಕೊಡಲು ಒಪ್ಪಿತಾದರೂ ಜೊತೆಗೆ ಷರತ್ತುಗಳನ್ನು ಇಟ್ಟಿತು: ನೋಂದಣಿ ಪ್ರಮಾಣಪತ್ರವನ್ನೂ ಗುರುತಿನ ಪ್ರಮಾಣಪತ್ರವನ್ನೂ ಹಿಂದಿರುಗಿಸಬೇಕು, ಟಿಬೆಟಿಯನ್ ವಸತಿಯಲ್ಲಿ ವಾಸವಿರಬಾರದು, ನಿರಾಶ್ರಿತರಾಗಿ ಪಡೆಯುತ್ತಿದ್ದ ಸವಲತ್ತುಗಳನ್ನು ಬಿಡಬೇಕು. ಅಂದರೆ, ಕಾನೂನು ಹುಟ್ಟಿನೊಂದಿಗೇ ಕೊಟ್ಟದ್ದನ್ನು ಕೈಗೆ ತೆಗೆದುಕೊಳ್ಳಬೇಕಾದರೆ ಮನೆ ಬಿಡಬೇಕು. ಬಿಟ್ಟರೆ ಹೋಗುವುದೆಲ್ಲಿಗೆ? ಮನೆಯ ಪಕ್ಕದ ಕೋಣೆಯಲ್ಲಿ ಎಂಬತ್ತು ದಾಟಿದ ತಾಯಿ ಇದ್ದಾರೆ, ಹೊಲ ಕ್ಯಾಂಪಿನದು, ಮಠ ಕ್ಯಾಂಪಿನದು, ಕಷ್ಟಸುಖಕ್ಕೆ ಆಗುವವರೆಲ್ಲ ಅಲ್ಲಿಯವರೇ.

ಎಲ್ಲ ಟಿಬೆಟಿಯನ್ನರೂ ಭಾರತದ ಪೌರತ್ವ ಬಯಸುತ್ತಾರೆ ಎಂದು ನಾನು ತಿಳಿದಿಲ್ಲ. ನಾನು ಕೇಳಿದಾಗ ಅವರು ಕೈಯಲ್ಲಿದ್ದ ಸ್ವೆಟರನ್ನು ಮಡಚಿ, ಮತ್ತೆ ಬಿಚ್ಚಿ, ಮತ್ತೆ ಮಡಚಿ, ‘ನಮ್ಮವ್ವ ಬ್ಯಾಡ ಅಂತಾಳ್ರಿ. ಎಲ್ಲಾರೂ ಇಲ್ಲಿಯವರಾದ್ರ ನಮ್ಮ ದೇಶ ಯಾರು ಕೇಳವರು ಅಂತಾಳ’ ಎಂದರು. ಆ ಮುದುಕಿಯ ಮಾತಿನಲ್ಲಿ ಬಹಳ ತೂಕವಿದೆ. ನಿರಾಶ್ರಿತ ಎಂಬ ಹಣೆಪಟ್ಟಿ ಅವರಿಗೆ ಬರಿ ಕೊರತೆಯಲ್ಲ, ತಮ್ಮ ದೇಶ ಇನ್ನೂ ತಮ್ಮದೇ ಎಂದು ಹೇಳುವ ಸಾಕ್ಷಿ ಕೂಡ. ಆದರೆ ಬೇಡವೆನ್ನುವ ಸ್ವಾತಂತ್ರ್ಯ ಬೇರೆ, ಬೇಕೆಂದರೂ ಸಿಗದಂತೆ ದಾರಿಯಲ್ಲಿ ಕಲ್ಲಿಡುವುದು ಬೇರೆ. ತಾಯಿಯ ಉತ್ತರ ಒಂದಿರಲಿ, ಮಗಳ ಉತ್ತರ ಇನ್ನೊಂದಿರಲಿ, ಮೊಮ್ಮಗಳು ಮೂರನೆಯದನ್ನು ಹೇಳಲಿ. ಸರ್ಕಾರ ಮಾಡಬೇಕಾದದ್ದು ಮೂರಕ್ಕೂ ಜಾಗ ಇಡುವುದು.

ಸರ್ಕಾರದ ಹಿಂಜರಿಕೆಗೆ ಕಾರಣ ಇಲ್ಲವೆಂದಲ್ಲ. 1954ರ ಪಂಚಶೀಲ ಒಪ್ಪಂದದಲ್ಲಿಯೇ ಟಿಬೆಟನ್ನು ಚೀನಾದ ಪ್ರದೇಶವೆಂದು ಬರೆದುಕೊಟ್ಟಾಗಿತ್ತು. 2003ರಲ್ಲಿ ವಾಜಪೇಯಿಯವರು ಬೀಜಿಂಗ್‌ಗೆ ಹೋದಾಗ ಅದು ಇನ್ನಷ್ಟು ಸ್ಪಷ್ಟವಾಯಿತು. ಒಂದು ಕೈಯಲ್ಲಿ ಆಶ್ರಯ, ಇನ್ನೊಂದು ಕೈಯಲ್ಲಿ ನೆರೆಯ ದೇಶದೊಡನೆ ಒಪ್ಪಂದ. ಈ ಎರಡರ ನಡುವೆ ಸಿಕ್ಕ ಸರ್ಕಾರ, ಮಾತಾಡಬೇಕಾದ ಕಡೆ ಮಾತಾಡದೆ ಅನ್ನ, ನೆಲ, ಶಾಲೆಗಳ ಮೂಲಕ ತನ್ನ ಮನಸ್ಸನ್ನು ತೋರಿಸಿತು ಎಂದು ಸಹಾನುಭೂತಿಯಿಂದ ಹೇಳಬಹುದು. ಗಡಿಯ ವಿಷಯದಲ್ಲಿ ಎಚ್ಚರ ಬೇಕು, ಒಪ್ಪುತ್ತೇನೆ. ಮುಂಡಗೋಡದ ಹುಡುಗಿಯೊಬ್ಬಳ ನೌಕರಿಯ ಅರ್ಜಿಗೂ ಆ ಎಚ್ಚರಕ್ಕೂ ಏನು ಸಂಬಂಧ ಎಂಬುದು ಮಾತ್ರ ನನಗೆ ಹೊಳೆಯುವುದಿಲ್ಲ.

ಇದನ್ನೆಲ್ಲ ನಮ್ಮ ಓಣಿಯಲ್ಲಿ ಹೇಳಿದಾಗ ಬಂದ ಮಾತನ್ನೂ ಇಲ್ಲಿ ಬರೆಯಬೇಕು. ‘ನಮ್ಮನ್ನ ಮುಳುಗಿಸಿದ್ರು, ಅವರಿಗೆ ಹೊಲ ಕೊಟ್ರು’ ಎಂದರು ನನ್ನ ದೊಡ್ಡಪ್ಪನ ಮಗ. ಈ ಸಿಟ್ಟನ್ನು ನಾನು ಕೀಳಾಗಿ ಕಾಣಲಾರೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಗೆ ಅಡಿಗಲ್ಲು ಇಟ್ಟಾಗ ನಮ್ಮ ಮನೆ ಹಳೇ ಬಾಗಲಕೋಟೆಯ ತಗ್ಗಿನ ಓಣಿಯಲ್ಲಿತ್ತು; ಘಟಪ್ರಭೆಯ ಕಡೆಯಿಂದ ಹಿನ್ನೀರು ಏರಿ ಬಂದಾಗ ಅಜ್ಜ ಕಟ್ಟಿಸಿದ ಪಡಸಾಲೆಯ ತೊಲೆಗಳನ್ನು ನಾವೇ ಬಿಚ್ಚಿ ಎತ್ತಿನ ಗಾಡಿಯಲ್ಲಿ ಹೇರಿಕೊಂಡು ನವನಗರದ ಸೆಕ್ಟರಿಗೆ ಬಂದೆವು. ಅವ್ವ ಕೊನೆಯವರೆಗೂ ಈ ಮನೆಯನ್ನು ‘ಪ್ಲಾಟ್’ ಎಂದಳೇ ಹೊರತು ಮನೆ ಎನ್ನಲಿಲ್ಲ. ಪರಿಹಾರ ಸಾಲದೆ ಕೋರ್ಟಿನ ಕಟ್ಟೆ ಹತ್ತಿದವರು, ಹಕ್ಕುಪತ್ರಕ್ಕಾಗಿ ಚಪ್ಪಲಿ ಸವೆಸಿದವರು ನನ್ನ ಮೇಜಿನ ಮುಂದೆಯೇ ನಿಂತಿದ್ದಾರೆ, ಅವರಲ್ಲಿ ಅರ್ಧದಷ್ಟು ಜನರ ಮುಖ ನನಗೆ ಇನ್ನೂ ನೆನಪಿದೆ.

ಆದರೂ ಒಂದು ವ್ಯತ್ಯಾಸವಿತ್ತು. ಮುಳುಗಡೆಯವರು ನನ್ನ ಮೇಜು ಬಡಿದು ಬೈಯುತ್ತಿದ್ದರು. ರಸ್ತೆ ತಡೆಯುತ್ತಿದ್ದರು, ಶಾಸಕರನ್ನು ಅಡ್ಡಗಟ್ಟಿ ಕೇಳುತ್ತಿದ್ದರು, ಮುಂದಿನ ಚುನಾವಣೆಗೆ ನೋಡಿಕೊಳ್ಳುತ್ತೇವೆ ಎನ್ನುತ್ತಿದ್ದರು. ನಷ್ಟ ದೊಡ್ಡದಾಗಿತ್ತು, ಆದರೆ ಕೇಳುವ ಹಕ್ಕು ಯಾರ ಕೈಯಿಂದಲೂ ತಪ್ಪಿರಲಿಲ್ಲ. ಕೊನೆಗೆ ಉತಾರದ ಮೇಲೆ ಹೆಸರು ಬಂದ ದಿನ ಕೆಲವರು ಪೇಢೆ ತಂದು ಕೊಟ್ಟದ್ದೂ ಉಂಟು. ಸ್ವೆಟರ್ ಅಂಗಡಿಯ ಆ ಹೆಣ್ಣುಮಗಳು ಮಾತ್ರ ಅಷ್ಟು ಹೊತ್ತು ಮಾತಾಡಿದರೂ ಸರ್ಕಾರದ ಮೇಲೆ ಒಂದೇ ಒಂದು ದೂರು ಹೇಳಲಿಲ್ಲ. ‘ಸರ್ಕಾರ ನಮಗ ಭಾಳ ಛಲೋ ಮಾಡೇತ್ರಿ’ ಎಂದು ಮೂರು ಸಲ ಹೇಳಿದರು. ಅದು ಮನಸ್ಸಿನ ಮಾತೇ ಇರಬೇಕು, ಸಂಶಯವಿಲ್ಲ. ಆದರೆ ಅರವತ್ತು ವರ್ಷ ಕೃತಜ್ಞತೆಯನ್ನಷ್ಟೇ ಹೇಳಬಲ್ಲ ಜನ, ದೂರು ಹೇಳಲು ಬಾಯಿ ಬಾರದ ಜನ, ಮುಂದಿನ ಮೊಹರಿನ ನೆನಪಿನಲ್ಲಿಯೇ ಮಾತನ್ನು ಅಳೆದು ಆಡುತ್ತಾರೆ ಎಂದು ಆ ಹೊತ್ತಿನಲ್ಲಿ ನನಗೆ ಅನಿಸಿತು. ನಮ್ಮ ಮುಳುಗಡೆಯವರಿಗೆ ನ್ಯಾಯ ಸಿಗಲಿಲ್ಲವೆಂಬುದು ಅವರಿಗೂ ಸಿಗಬಾರದು ಎನ್ನಲು ಕಾರಣವಾಗುವುದಿಲ್ಲ. ಊರು ಕಳೆದುಕೊಳ್ಳುವುದು ಏನು ಎಂದು ಬಾಗಲಕೋಟೆಯವರಿಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

2014ರ ಟಿಬೆಟಿಯನ್ ಪುನರ್ವಸತಿ ನೀತಿಯನ್ನು ನಾನು ಗಮನವಿಟ್ಟು ಓದಿದ್ದೇನೆ. ವಸತಿಯ ಭೂಮಿಗೆ 20 ವರ್ಷದ ಲೀಜ್ ಬರೆದುಕೊಡುವುದು, ಉದ್ಯೋಗ ಖಾತ್ರಿ, ಪಡಿತರದಂಥ ಯೋಜನೆಗಳನ್ನು ಅವರಿಗೂ ವಿಸ್ತರಿಸುವುದು, ವ್ಯಾಪಾರದ ಪರವಾನಗಿ ಕೊಡುವುದು, ಅರ್ಹತೆಯಿದ್ದ ಕೆಲಸಗಳಿಗೆ ಅವರನ್ನು ಪರಿಗಣಿಸುವುದು, ಇವೆಲ್ಲ ಅದರಲ್ಲಿವೆ. ಮರುವರ್ಷ ಧರ್ಮಶಾಲೆಯ ಟಿಬೆಟಿಯನ್ ಆಡಳಿತಕ್ಕೆ ಐದು ವರ್ಷಗಳಲ್ಲಿ 40 ಕೋಟಿ ರೂಪಾಯಿ ನೆರವನ್ನೂ ಕೇಂದ್ರ ಒಪ್ಪಿತು. ಒಳ್ಳೆಯ ನೀತಿ. ಆದರೆ ನೀತಿ ಎಂಬುದು ಇಲಾಖೆಯ ಕಾಗದ; ಒಂದು ಸುತ್ತೋಲೆಯಿಂದ ಬಂದದ್ದು ಇನ್ನೊಂದು ಸುತ್ತೋಲೆಯಿಂದ ಹೋಗಬಹುದು. ಲಾವಣಿಗೆ ಹಿಡಿದ ಹೊಲದಲ್ಲಿ ಯಾರೂ ಬಾವಿ ತೋಡಿಸುವುದಿಲ್ಲ, ಮಾವಿನ ಸಸಿ ನೆಡುವುದಿಲ್ಲ. ಇದು ನಮ್ಮ ಕಡೆಯ ಯಾವ ರೈತನಿಗೂ ಗೊತ್ತಿರುವ ಮಾತು. 2019ರ ಪೌರತ್ವ ತಿದ್ದುಪಡಿಯಲ್ಲಿ ಬೌದ್ಧರ ಹೆಸರಿದೆ, ಆದರೆ ಅಫ್ಘಾನಿಸ್ತಾನ, ಬಾಂಗ್ಲಾದೇಶ, ಪಾಕಿಸ್ತಾನ ಎಂಬ ಮೂರೇ ದೇಶಗಳಿಗೆ ಅದು ಸೀಮಿತವಾದ್ದರಿಂದ ಟಿಬೆಟಿನ ಬೌದ್ಧರು ಹೊರಗೆ ಉಳಿದರು, ಶ್ರೀಲಂಕಾದ ತಮಿಳರೂ ಹೊರಗೆ ಉಳಿದರು. ಎಲ್ಲಿಂದ ಬಂದರು, ಯಾವ ಧರ್ಮದವರು ಎಂದು ಕೇಳದೆ, ಅಂಜಿ ಓಡಿ ಬಂದವರನ್ನು ಹೇಗೆ ನೋಡಿಕೊಳ್ಳಬೇಕು ಎಂದು ಹೇಳುವ ಒಂದು ಕಾನೂನು ಸಂಸತ್ತಿನಿಂದಲೇ ಬರಬೇಕು. ಅದು ಬರುವವರೆಗೆ ಕನಿಷ್ಠಪಕ್ಷ 1987ಕ್ಕಿಂತ ಮೊದಲು ಹುಟ್ಟಿದವರ ವಿಷಯದಲ್ಲಿ ಮನೆ ಬಿಡಿಸುವ ಷರತ್ತನ್ನಾದರೂ ತೆಗೆಯಬೇಕು.

2009ರ ಎಣಿಕೆಯಲ್ಲಿ ಭಾರತದಲ್ಲಿದ್ದ ಟಿಬೆಟಿಯನ್ನರು 94 ಸಾವಿರಕ್ಕೂ ಹೆಚ್ಚು. ಆಮೇಲೆ ಬಹಳ ಮಂದಿ ಯುವಕರು ಅಮೆರಿಕ, ಕೆನಡಾ, ಯುರೋಪಿನ ದಾರಿ ಹಿಡಿದಿದ್ದಾರೆ. ಕ್ಯಾಂಪಿನಲ್ಲಿ ಗೋವಿನಜೋಳದ ಹೊಲಗಳಿಗೆ ಈಗ ಸುತ್ತಲಿನ ಹಳ್ಳಿಗಳ ಕೂಲಿಯವರೇ ಆಸರೆ, ಎಷ್ಟೋ ಮನೆಗಳಲ್ಲಿ ಇರುವವರು ಮುದುಕರು ಮಾತ್ರ ಎಂದು ಅವರು ಹೇಳಿದರು. ಅವರ ಮಗಳೂ ಹೊರಡುವ ಯೋಚನೆಯಲ್ಲಿದ್ದಾಳೆ.

ಸಂಕ್ರಾಂತಿಗೆ ಇನ್ನೂ ಒಂದು ವಾರ ಇರುವಾಗಲೇ ಅವರು ಅಂಗಡಿಯ ತಾಡಪತ್ರಿ ಬಿಚ್ಚಿದರು. ಉಳಿದ ಸ್ವೆಟರುಗಳ ಗಂಟು ಕಟ್ಟುವಾಗ ನಾನೂ ಹಗ್ಗದ ಒಂದು ತುದಿ ಹಿಡಿದೆ. ಲೋಸರ್ ಹಬ್ಬಕ್ಕೆ ಮುಂಡಗೋಡಕ್ಕೆ ಬರಬೇಕೆಂದು ಕರೆದರು, ಬರುತ್ತೇನೆ ಎಂದೆ. ‘ಬರಿಗೈಲೆ ಬರಂಗಿಲ್ಲ ತಂಗಿ, ನಿನ್ನ ಜನನ ದಾಖಲೆ, ನಿಮ್ಮವ್ವನ ಹಳೇ ಕಾಗದ, ಮಗಳ ಶಾಲೆ ದಾಖಲಾತಿ ಎಲ್ಲಾ ತೆಗೆದಿಡು. ಅರ್ಜಿ ನಮೂನೆ ನಾನು ತರತೀನಿ. ಹಾಕೂದು ಬಿಡೂದು ನಿಮಗ ಬಿಟ್ಟದ್ದು, ಬರದು ತಯಾರಂತೂ ಇಟ್ಟಿರೂಣು’ ಎಂದೆ. ಅವರು ತಲೆಯಾಡಿಸಿ, ಪ್ಲಾಸ್ಟಿಕ್ ಹಾಳೆಯ ಆ ಚಿಕ್ಕ ಪುಸ್ತಕವನ್ನು ಇನ್ನೊಮ್ಮೆ ಮುಟ್ಟಿ ನೋಡಿಕೊಂಡು, ಹುಬ್ಬಳ್ಳಿಯ ಬಸ್ಸು ಹತ್ತಿದರು.